ಮರಕ್ಕೆ ಹೊಲಿದ ಅಂಗಿ

ಆ ಶರ್ಟ್ ಫ್ಯಾಕ್ಟರೀಲಿ ಆರುನೂರ ಹದಿನಾಲ್ಕು ಜನ ಹೆಂಗಸರು, ಒಂದೇ ಒಂದು ಮರ. ಗಂಡಸರೂ ಒಂದಿಷ್ಟು ಇದ್ರು, ಅವರು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಮರ ಇದ್ದಿದ್ದು ಹಿಂದಿನ ಅಂಗಳದಲ್ಲಿ, ಬಾಯ್ಲರ್ ಕೋಣೆ ಗೋಡೆಗೂ ಚಿಂದಿ ಬಟ್ಟೆ ರಾಶಿಗೂ ನಡುವೆ. ಯಾರೂ ನೆಟ್ಟಿದ್ದಲ್ಲ, ಯಾರೂ ನೀರು ಹೊಯ್ದಿದ್ದಲ್ಲ. ಬಡವರ ಮನೆ ಹೆಣ್ಣುಮಗಳ ಹಾಗೆ ಯಾರನ್ನೂ ಕೇಳದೆ ಹುಟ್ಟಿ, ಯಾರಿಗೂ ಹೇಳದೆ ಬೆಳೆದು ನಿಂತುಬಿಟ್ಟಿತ್ತು.

ಆ ಮರಕ್ಕಿದ್ದ ನೆಂಟಳು ಅಂದ್ರೆ ಕಾಲರಕ್ಕ ಒಬ್ಬಳೇ. ಶರ್ಟಿಗೆ ಕಾಲರ್ ಹಚ್ಚೋದು ಅವಳ ಕೆಲಸ, ಹನ್ನೊಂದು ವರ್ಷದಿಂದ ಅದೇ. ಅವಳು ಹಚ್ಚಿದ ಕಾಲರುಗಳನ್ನ ಉದ್ದಕ್ಕೆ ಜೋಡಿಸಿದ್ರೆ ಚಂದ್ರನ ತನಕ ಹೋಗಿ, ಚಂದ್ರನ ಕತ್ತಿಗೂ ಒಂದು ಸುತ್ತು ಹಾಕಿ, ಇನ್ನೂ ಮಿಕ್ಕಿದ್ದನ್ನ ಮನೆಗೆ ತರಬಹುದಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ.

ಬೆಳಗ್ಗೆ ಬಗ್ಗಿಸಿದ ಕತ್ತು ಊಟದ ಗಂಟೆ ಹೊತ್ತಿಗೆ ಕಬ್ಬಿಣ ಆಗಿರ್ತಿತ್ತು. ತಲೆಯೊಳಗೆ ಆರುನೂರು ಮೆಷಿನ್ನೂ ಒಟ್ಟಿಗೆ ಓಡ್ತಿದ್ದವು. ಆಗ ಬುತ್ತಿ ಎತ್ಕೊಂಡು ಹಿಂದಕ್ಕೆ ಹೋಗಿ, ಮರಕ್ಕೆ ಬೆನ್ನು ಕೊಟ್ಟು ಕೂರ್ತಿದ್ಲು. ಹತ್ತೇ ನಿಮಿಷ. ಅಷ್ಟರಲ್ಲಿ ತಲೆನೋವು ಬೆನ್ನಿಂದ ಕಾಂಡಕ್ಕಿಳಿದು, ಕಾಂಡದಿಂದ ಬೇರಿಗಿಳಿದು ಪಾತಾಳ ಸೇರ್ಕೊಳ್ತಿತ್ತು. ಬಾಯ್ಲರ್ ಗೋಡೆ ಕಡೆ, ಅವಳ ಬೆನ್ನು ತಾಗೋ ಜಾಗದಲ್ಲಿ, ತೊಗಟೆ ಸವೆದೂ ಸವೆದೂ ಮಗುವಿನ ಕೆನ್ನೆ ಹಾಗೆ ನುಣ್ಣಗಾಗಿತ್ತು.

ಪಕ್ಕದ ಮೆಷಿನ್ನಿನಲ್ಲಿ ಕೂರೋಳು ಅವಳ ನಾದಿನಿ. ಬಾಯಿ ಸೂಜಿಗಿಂತ ಚೂಪು.

"ಏನತ್ತಿಗೆ, ನಮ್ಮಣ್ಣ ಹೋದ ಮೇಲೆ ಇವನನ್ನ ಕಟ್ಕೊಂಡ್ಯಾ?"

"ಹೂಂ ಕಣೆ. ಇವನು ಕುಡಿಯೋದು ನೀರು ಮಾತ್ರ."

ಹೀಗೇ ನಡ್ಕೊಂಡು ಹೋಗ್ತಿತ್ತು, ಕಾಲರಕ್ಕ ಬಾಯಿ ಬಿಡೋ ತನಕ.

ಫ್ಯಾಕ್ಟರಿ ನರ್ಸಮ್ಮ ಮೂರು ತಿಂಗಳಿಗೊಂದ್ಸಲ ಎಲ್ಲರ ತೋಳಿಗೂ ಪಟ್ಟಿ ಸುತ್ತಿ ಬಿಪಿ ನೋಡೋಳು. ಆ ಸಲ ಎಲ್ಲರದ್ದೂ ಸೂರು ಹತ್ತಿ ಕೂತಿತ್ತು. ಕಾಲರಕ್ಕನದು ಮಾತ್ರ ಹದಿನಾರರ ಹುಡುಗಿ ಥರ ಸರಿಯಾಗಿತ್ತು.

"ಏನಮ್ಮ, ಯಾವ ಮಾತ್ರೆ ತಗೋತೀಯ?"

"ಮಾತ್ರೆ ಯಾಕೆ ನರ್ಸಮ್ಮ? ದಿನಾ ಹತ್ತು ನಿಮಿಷ ಮರ ತಗೋತೀನಿ."

ಜಂಬ ಸ್ವಾಮಿ, ಜಂಬ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನರ್ಸಮ್ಮ ಬರ್ಕೊಂಡ್ಲು. ಬರೆದಿದ್ದು ದೊಡ್ಡ ಮೇಡಮ್ಮಿನ ಮೇಜಿಗೆ ಹೋಯ್ತು. ಫ್ಯಾಕ್ಟರಿ ಒಡತಿ ಆಕೆ. ಒಂದಲ್ಲ ಎರಡಲ್ಲ, ಇಂಥ ನಲವತ್ತು ಫ್ಯಾಕ್ಟರಿ. ಓದಿ, ಕುರ್ಚಿಯಿಂದ ಎದ್ದೇಬಿಟ್ಲಂತೆ.

"ಡಾಕ್ಟರ್ ಬೇಡ, ಔಷಧಿ ಬೇಡ, ಕರೆಂಟೂ ಬೇಡ! ಪ್ರಕೃತಿಯೇ ಮದ್ದು! ನಲವತ್ತು ಕಡೆನೂ ಇದನ್ನೇ ಮಾಡೋಣ."

"ಅಲ್ಲೆಲ್ಲ ಮರ ಇಲ್ವಲ್ಲ ಮೇಡಮ್," ಅಂದ್ಲು ನರ್ಸಮ್ಮ.

"ಮೊದಲು ಇಲ್ಲಿ ಆಗ್ಲಿ. ಮರದ ವಿಷಯ ಆಮೇಲೆ."

ಮಾರನೇ ವಾರ ಮರದ ನೆತ್ತಿ ಮೇಲೊಂದು ಬೋರ್ಡು: "ಹಸಿರು ಅಪ್ಪುಗೆ". ಬೋರ್ಡಲ್ಲಿ ಕಾಲರಕ್ಕನ ಫೋಟೋ, ಮೂವತ್ತೆರಡು ಹಲ್ಲೂ ಕಾಣೋ ಹಾಗೆ. ಕೆಳಗೆ ಕಾವಲುಗಾರ, ಅವನ ಬಾಯಲ್ಲಿ ಸೀಟಿ. ಊಟದ ಅರ್ಧ ಗಂಟೇಲಿ ಐದೈದು ಜನ ಬಂದು, ಕೈ ಕೈ ಹಿಡ್ಕೊಂಡು, ಮೂರು ನಿಮಿಷ ಮರ ತಬ್ಬಬೇಕು. ಸೀಟಿ ಊದಿದ್ರೆ ಬಿಡಬೇಕು. ಕೂರೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ದಿನಕ್ಕೆ ಐವತ್ತು ಜನ. ಹೋದವಳ ಸರದಿ ಮತ್ತೆ ಬರೋಕೆ ಹದಿಮೂರು ದಿನ.

ಟೋಕನ್ ಹಂಚೋವಾಗ ಕಾಲರಕ್ಕ ಕಾಲರ್ ಮುಗಿಸಿ ಹೋಗೋಣ ಅಂತ ಕೂತಿದ್ಲು. ಸಿಕ್ಕಿದ್ದು ಆರುನೂರ ಹದಿನಾಲ್ಕು. ನಾದಿನಿಗೆ ಮೂರು.

ಎಂದೂ ಮೇಡಮ್ ಎದುರು ನಿಲ್ಲದೋಳು ಹೋಗಿ ನಿಂತ್ಲು. "ಮೇಡಮ್, ನಾನು ತಬ್ಬೋದಿಲ್ಲ. ಆ ಗೋಡೆ ಕಡೆ ಸುಮ್ನೆ ಒರಗಿ ಕೂತ್ಕೋತೀನಿ. ಯಾರಿಗೂ ಅಡ್ಡ ಬರಲ್ಲ. ಇಲ್ಲದಿದ್ರೆ ನನ್ನ ತಲೆ ನಿಲ್ಲಲ್ಲ."

ಮೇಡಮ್ ಅವಳ ಭುಜ ಸವರಿದ್ಲು. "ಹನ್ನೊಂದು ವರ್ಷ ಒಬ್ಬಳೇ ತಿಂದಿದ್ದೀಯಲ್ಲಮ್ಮ! ಒಳ್ಳೇದನ್ನ ಹಂಚ್ಕೊಂಡು ತಿನ್ನಬೇಕು."

ತಲೆಯೊಳಗಿನ ಮೆಷಿನ್ನುಗಳು ಆವತ್ತಿಂದ ಶುರುವಾದವು ನೋಡಿ, ಭಾನುವಾರದ ರಜಾನೂ ತಗೊಳ್ಳಲಿಲ್ಲ.

ಎರಡೇ ವಾರಕ್ಕೆ ಹೊಸ ರಗಳೆ ಹುಟ್ಕೊಳ್ತು. ಮರ ತಬ್ಬಿದವರ ತೋಳಿಗೆ ತೊಗಟೆ ಪುಡಿ, ಅಂಟು. ಆ ತೋಳಲ್ಲೇ ಬಂದು ಮುಟ್ಟೋದು ಬಿಳೀ ಶರ್ಟು. ಕಲೆಯೋ ಕಲೆ! ಮಾಲು ತಪಾಸಣೆ ಮಾಡೋನಿಗೆ ಹದ್ದು ಅಂತ ಅಡ್ಡಹೆಸರು, ಒಂದು ದಾರ ಎಳೆ ಜಾಸ್ತಿ ಇದ್ರೂ ಹತ್ತು ಮಾರು ದೂರದಿಂದ ಕಾಣ್ತಿತ್ತು ಅವನಿಗೆ. ತಪ್ಪು ಕಂಡಲ್ಲಿ ಕೆಂಪು ಬಾಣದ ಚೀಟಿ ಅಂಟಿಸ್ತಿದ್ದ. ಒಂದೇ ದಿನ ಎಂಬತ್ತು ಶರ್ಟಿಗೆ ಅಂಟಿಸಿದ.

ಬೇರೆ ಯಾರಾದ್ರೂ ಆಗಿದ್ರೆ ತೋಳು ತೊಳ್ಕೊಳ್ಳಿ ಅಂತಿದ್ರು. ಇವರು ಬಟ್ಟೆ ಹೊಲಿಯೋ ಜನ. ಮೆಷಿನ್ನಿಗೆ ಗವಸು, ಮೇಜಿಗೆ ಗವಸು, ಕುರ್ಚಿಗೆ ಗವಸು. ಕಲೆ ಮಾಡೋ ವಸ್ತು ಕಂಡ್ರೆ ಅದಕ್ಕೊಂದು ಗವಸು ಹೊಲಿಯೋದು ಬಿಟ್ರೆ ಇನ್ನೊಂದು ದಾರಿ ಅವರ ಏಳು ತಲೆಮಾರಿಗೂ ಗೊತ್ತಿರಲಿಲ್ಲ.

ಕಟಿಂಗ್ ಮಾಸ್ತರು ಟೇಪ್ ತಂದು ಮರಕ್ಕೆ ಸುತ್ತಿದ. "ಎದೆ ಎಂಬತ್ತನಾಲ್ಕು. ಸೊಂಟ ಎಂಬತ್ತೆಂಟು. ಕುತ್ತಿಗೆ ಇಲ್ಲ."

"ಅಯ್ಯೋ, ನಮ್ಮ ಮ್ಯಾನೇಜರ ಅಳತೆ!" ಅಂದ್ಲು ನಾದಿನಿ. ಇಡೀ ಸಾಲು ಬಿದ್ದು ಬಿದ್ದು ನಕ್ಕಿತು.

ಒಳಗೆ ಸ್ಪಂಜು, ಹೊರಗೆ ಮಳೆಕೋಟಿನ ಬಟ್ಟೆ, ನೆಲದಿಂದ ಕೊಂಬೆ ತನಕ. ಯಾರು ಹೊಲಿಯೋದು? ಕೈ ಯಾರದ್ದು ಚೆನ್ನಾಗಿದೆಯೋ ಅವಳೇ. ಕಾಲರಕ್ಕ ಸೂಜಿ ದಾರ ಎತ್ಕೊಂಡ್ಲು. ಮೂರು ದಿನ ಮರದ ಬುಡದಲ್ಲೇ ಕೂತು ಕೈಹೊಲಿಗೆ ಹಾಕೋ ಕೆಲಸ, ಯಾರಿಗುಂಟು ಯಾರಿಗಿಲ್ಲ! ಆ ಮೂರು ದಿನ ತಲೆ ಹೂವಿನ ಹಾಗಿತ್ತು.

ಕೈ ಹೊಲೀತಿತ್ತು, ಒಳಗೊಳಗೇ ಬುದ್ಧಿ ಬೇರೆ ಹೊಲಿಗೆ ಹಾಕ್ತಿತ್ತು. ಬಾಯ್ಲರ್ ಗೋಡೆ ಕಡೆ, ನುಣ್ಣಗಿನ ಜಾಗದ ನೇರಕ್ಕೆ, ತನ್ನ ಬೆನ್ನಿನಗಲ ಜಾಗ ಬಿಟ್ಲು. ಮೇಲೊಂದು ಪಟ್ಟಿ ಇಳಿಬಿಟ್ಲು. ಸಂಜೆ ಎಲ್ಲರೂ ಗೇಟಿನ ಕಡೆ ಓಡೋವಾಗ ಹಿಂದೆ ಬಂದು, ಪಟ್ಟಿ ಎತ್ತಿ, ಹತ್ತು ನಿಮಿಷ ಬೆನ್ನು ಕೊಟ್ರೆ ಯಾರಪ್ಪನ ಗಂಟು ಹೋಗುತ್ತೆ?

ನಾಲ್ಕನೇ ದಿನ ಹದ್ದು ಬಂದ. ಮೇಡಮ್ ಜೊತೆಗೆ, ಹೆಂಗಸರೆಲ್ಲ ಸುತ್ತ. ಹದ್ದು ಮರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಗೋಡೆ ಕಡೆ ತೂರಿ, ಪಟ್ಟಿ ಎತ್ತಿ, ಜೇಬಿಂದ ಕೆಂಪು ಬಾಣ ತೆಗೆದು ಅಂಟಿಸಿದ.

"ಇಲ್ಲಿ ಬಾಯಿ ಬಿಟ್ಟಿದೆ."

"ಅದು... ಮರಕ್ಕೆ ಗಾಳಿ ಬೇಕಲ್ಲ ಸಾರ್."

"ಶರ್ಟ್ ಹಾಕೋನಿಗೂ ಗಾಳಿ ಬೇಕು. ಅದಕ್ಕೆ ಬೆನ್ನಲ್ಲಿ ಕಿಟಕಿ ಇಟ್ಟು ಕಳಿಸ್ತೀಯಾ?"

ಹೆಂಗಸರು ಕಿಸಕ್ ಅಂದ್ರು. ಮೇಡಮ್ ಮುಖ ಸಣ್ಣ ಮಾಡ್ಕೊಂಡ್ಲು. "ನಿನ್ನ ಕೈಲಿ ಇಂಥ ಕೆಲಸಾನಾ ಕಾಲರಕ್ಕ?"

ಹನ್ನೊಂದು ವರ್ಷದಲ್ಲಿ ಅವಳ ಹೊಲಿಗೆಗೆ ಬಿದ್ದ ಮೊದಲನೇ ಕೆಂಪು ಬಾಣ ಅದು. ಎದೆಗೇ ನಾಟಿತು. ಇದು ತಪ್ಪಲ್ಲ, ಬೇಕಂತಲೇ ಬಿಟ್ಟಿದ್ದು, ನನ್ನ ತಲೆ ಸಿಡೀತಿದೆ, ಇದೊಂದು ಜಾಗ ನಂಗೆ ಬಿಟ್ಕೊಡಿ ಅಂತ ಹೇಳೋಕೆ ಬಾಯಿ ತೆರೆದ್ಲು. ತೆರೆದಿದ್ಲು ಖಂಡಿತ. ಅಷ್ಟರಲ್ಲಿ ನಾದಿನಿ ಮುಂದೆ ಬಂದ್ಲು.

"ಹೋಗ್ಲಿ ಬಿಡಿ ಮೇಡಮ್. ಅತ್ತಿಗೆಗೆ ವಯಸ್ಸಾಯ್ತು, ಕಣ್ಣು ಮಂಜು. ಸೂಜಿ ಕೊಡಿ, ನಾನು ಮುಚ್ತೀನಿ."

"ಸರಿಯೇ ಆಚೆ!" ಅಂದ್ಲು ಕಾಲರಕ್ಕ.

ಸೂಜಿ ಕಿತ್ಕೊಂಡು ಎಲ್ಲರ ಎದುರೇ ಕೂತ್ಲು. ಎಂಥ ಹೊಲಿಗೆ ಅಂತೀರಿ! ಎರಡೆಳೆ ದಾರ, ಒತ್ತೊತ್ತಾಗಿ, ಇರುವೆಯೂ ನೂಲೂ ಜೊತೆಗೆ ಬಂದ್ರೆ ಎರಡರಲ್ಲೊಂದು ಹೊರಗೇ ನಿಲ್ಲಬೇಕು, ಹಾಗೆ. ನುಣ್ಣಗಿನ ಜಾಗ ಬೆರಳಗಲ ಆಯ್ತು, ಉಗುರಗಲ ಆಯ್ತು, ಇಲ್ಲ ಆಯ್ತು. ಗಂಟು ಹಾಕಿ ಹಲ್ಲಲ್ಲಿ ದಾರ ಕಡಿದ್ಲು. ಹದ್ದು ಕೆಂಪು ಬಾಣ ಕಿತ್ತು ಜೇಬಿಗಿಟ್ಕೊಂಡ. ಮೇಡಮ್ ಚಪ್ಪಾಳೆ ತಟ್ಟಿದ್ಲು, ಎಲ್ಲರೂ ತಟ್ಟಿದ್ರು. ನಾದಿನಿ ಎಲ್ಲರಿಗಿಂತ ಜೋರು.

ಅಂಗಿ ತೊಟ್ಟ ಮರ ಒಂದು ತಿಂಗಳು ಮದುಮಗನ ಹಾಗೆ ನಿಂತಿತ್ತು. ಆಮೇಲೆ ಎಲೆ ಹಳದಿ ಆದವು. ಆಮೇಲೆ ಉದುರಿದವು. ಗುಡಿಸೋಳು ಕಸ ಜಾಸ್ತಿ ಆಯ್ತು ಅಂತ ದೂರು ಕೊಟ್ಲು. ಮಳೆಕೋಟಿನ ಬಟ್ಟೆ ಮಳೆಯನ್ನ ಒಳಗೆ ಬಿಡೋದಿಲ್ಲ ಸರಿ, ಕೊಂಬೆ ಸಂದಿಂದ ಒಳಗೆ ಇಳಿದ ನೀರನ್ನ ಹೊರಗೂ ಬಿಡೋದಿಲ್ಲ. ಸ್ಪಂಜು ಕುಡಿದು ಕುಡಿದು ಕೊಳೀತಿತ್ತು.

ಅವಳ ಸರದಿ ಮತ್ತೆ ಬಂತು. ಮೂರು ನಿಮಿಷ. ಮಳೆಕೋಟಿಗೆ ಕಿವಿ ಒತ್ತಿದ್ಲು. ಒಳಗೆ ಕಟ ಕಟ ಕಟ. ತನ್ನ ತಲೆಯೊಳಗಿನ ಸದ್ದೇ ಇರಬೇಕು ಅಂದ್ಕೊಂಡ್ಲು. ಇನ್ನೊಂದು ಕಿವಿ ಒತ್ತಿದ್ಲು. ಗೆದ್ದಲು.

ಸೀಟಿ ಊದೋ ಮೊದಲೇ ಹದ್ದಿನ ಹತ್ತಿರ ಓಡಿದ್ಲು. "ಸಾರ್, ಅಂಗಿ ಬಿಚ್ಚಿಸಿ. ಒಳಗೆ ಹುಳ ಬಿದ್ದಿದೆ."

"ಹೊಲಿಗೆ ಬಿಟ್ಟಿದೆಯಾ?"

"ಇಲ್ಲ ಸಾರ್."

"ದಾರ ಕಿತ್ತಿದೆಯಾ?"

"ನನ್ನ ಹೊಲಿಗೆ ಹೆಂಗೆ ಕೀಳುತ್ತೆ ಸಾರ್?"

"ಮತ್ತೇನು? ಹೋಗು, ಹೋಗಿ ಕೆಲಸ ಮಾಡು."

ಅಷ್ಟರಲ್ಲಿ ಸುದ್ದಿ ಬಂತು: ಇವರ ಶರ್ಟ್ ಕೊಳ್ಳೋ ದೊಡ್ಡ ದೊಡ್ಡ ಜನ "ಹಸಿರು ಅಪ್ಪುಗೆ" ನೋಡೋಕೆ ಬರ್ತಾರೆ. ಬೋಳು ಮರ ತೋರಿಸೋದಾ? ಒಳಗೆ ಏನಾಗಿದೆ ನೋಡೋಣ, ಅಂಗಿ ಬಿಚ್ಚು ಅಂತ ಕಾಲರಕ್ಕನನ್ನೇ ಕರೆಸಿದ್ರು. ಬಿಚ್ಚಿದ್ಲು. ಬಟ್ಟೆ ಜೊತೆ ತೊಗಟೆನೂ ಹಪ್ಪಳದ ಹಾಗೆ ಎದ್ದು ಬಂತು. ಗೋಡೆ ಕಡೆ ಒಂದಿಷ್ಟು ಮಾತ್ರ ಕಚ್ಕೊಂಡು ಉಳಿದಿತ್ತು.

ನರ್ಸಮ್ಮ ಬಾಯಿ ಮೇಲೆ ಕೈ ಇಟ್ಕೊಂಡ್ಲು. ಮೇಡಮ್ ಮಾತ್ರ ಐದು ನಿಮಿಷ ಯೋಚನೆ ಮಾಡಿ, ಹೊಳೀತು ಅನ್ನೋ ಹಾಗೆ ಚಿಟಿಕೆ ಹೊಡೆದ್ಲು.

"ಕಡೀರಿ. ಗೆದ್ದಲು ತಿಂದಿದ್ದು ಬಿಟ್ಟು, ಉಳಿದಿದ್ದನ್ನ ಕಾಂಡ, ಕೊಂಬೆ ಎಲ್ಲ ಸೇರಿಸಿ ಬಿಲ್ಲೆ ಬಿಲ್ಲೆ ಮಾಡಿ. ನಲವತ್ತು ಬಿಲ್ಲೆ. ಬರಿಗಾಲಲ್ಲಿ ಹತ್ತಿ ಮೂರು ನಿಮಿಷ ನಿಂತ್ರಾಯ್ತು. ನಲವತ್ತು ಫ್ಯಾಕ್ಟರಿಗೆ ಮರ ಎಲ್ಲಿ ಅಂತ ಕೇಳಿದ್ಯಲ್ಲ ನರ್ಸಮ್ಮ? ತಗೋ!"

ದೊಡ್ಡ ಜನ ಬರೋ ಹೊತ್ತಿಗೆ ಮರ ಕಡಿದು ಹದಿನೇಳು ದಿನ. ಬಿಲ್ಲೆಗಳೆಲ್ಲ ಪಾಲಿಶ್ ಹೊಡ್ಕೊಂಡು ಹಾಲ್‌ನಲ್ಲಿ ಸಾಲಾಗಿ ಕೂತಿದ್ದವು, ಬೋರ್ಡೂ ಅಲ್ಲಿನ ಗೋಡೆಗೆ ಬಂದಿತ್ತು. ಬೋರ್ಡಲ್ಲಿರೋಳೇ ನಿಂತು ತೋರಿಸಬೇಕು ಅಂತ ಕಾಲರಕ್ಕನ ಚಪ್ಪಲಿ ಬಿಚ್ಚಿಸಿ ಒಂದರ ಮೇಲೆ ಹತ್ತಿಸಿದ್ರು. ತಲೆ ಸಿಡಿದು ಎರಡು ಹೋಳಾಗ್ತಿತ್ತು. ನಗು ಅಂದ್ರು, ನಕ್ಕಳು. ಕೆಳಗೆ ನೋಡಿದ್ಲು. ಬಿಲ್ಲೆಯ ಅಂಚಲ್ಲಿ ಅಂಗೈ ಅಗಲ ತೊಗಟೆ, ಮಗುವಿನ ಕೆನ್ನೆ ಹಾಗೆ ನುಣ್ಣಗೆ. ಮುಟ್ಟೋಣ ಅಂತ ಬಗ್ಗಿದ್ಲು. ಬಗ್ಗಿದೋಳು ಮೇಲೇಳಲಿಲ್ಲ. ಎಡಗಡೆ ಮೈಯೆಲ್ಲ ನೆನೆದ ಬಟ್ಟೆ ಹಾಗೆ ಕುಸಿದು ಬಿತ್ತು.

ಬಂದವರು ಗಾಬರಿ ಬಿದ್ರು. "ಏನಾಯ್ತು ಈಕೆಗೆ?"

ನರ್ಸಮ್ಮ ಪುಸ್ತಕ ತಿರುವಿ ಹಾಕಿದ್ಲು. ಸುಳ್ಳು ಹೇಳೋ ಹೆಂಗಸಲ್ಲ, ಬರೆದಿದ್ದನ್ನೇ ಓದಿದ್ಲು. "ಹದಿನೇಳು ದಿನದಿಂದ ಈಕೆ ಮರ ಮುಟ್ಟಿಲ್ಲ."

ಮೇಡಮ್ ಕಣ್ಣಲ್ಲಿ ನೀರು ತಂದ್ಕೊಂಡ್ಲು. "ನೋಡಿದ್ರಾ? ಮರ ಬಿಟ್ಟವರಿಗೆ ಹೀಗಾಗುತ್ತೆ. ಇನ್ನು ಯಾವ ಪುರಾವೆ ಬೇಕು ನಿಮಗೆ?"

ಪುರಾವೆ ಸಾಕಾಯ್ತು ಅವರಿಗೆ. ನಲವತ್ತು ಸಾಲದು, ನಾನೂರು ಕಡೆ ಮಾಡಿ ಅಂತ ಬರ್ಕೊಂಡು ಹೋದ್ರು. ಮರಗಳು ಬೇರೆಲ್ಲಾದ್ರೂ ಸಿಗ್ತಾವೆ, ಅದಕ್ಕೇನು ಬರ.

ಎರಡು ತಿಂಗಳಾದ ಮೇಲೆ ಕಾಲರಕ್ಕ ಕೆಲಸಕ್ಕೆ ಬಂದ್ಲು. ಎಡಗೈ ಇದ್ದೂ ಇಲ್ಲ. ಬಾಯಿ ಒಂದು ಪಕ್ಕಕ್ಕೆ ಜಾರಿತ್ತು. ಬೋರ್ಡಲ್ಲಿ ಮಾತ್ರ ಇನ್ನೂ ಮೂವತ್ತೆರಡು ಹಲ್ಲು. ಕಾಲರ್ ಹಚ್ಚೋಕೆ ಎರಡು ಕೈ ಬೇಕು, ಚೀಟಿ ಅಂಟಿಸೋಕೆ ಒಂದು ಸಾಕು. ಹದ್ದಿನ ಪಕ್ಕದಲ್ಲಿ ಸ್ಟೂಲ್ ಹಾಕಿ, ಕೆಂಪು ಬಾಣದ ಕಟ್ಟು ಕೈಗೆ ಕೊಟ್ರು. ಬೇರೆ ಫ್ಯಾಕ್ಟರಿಗಳಿಗೆ ಕಳಿಸೋ ಬಿಲ್ಲೆಗಳಿಗೆ ಚೀಲ ಹೊಲೀತಿದ್ದೋಳು ನಾದಿನಿ.

ಒಂದು ಮಧ್ಯಾಹ್ನ ಕಾಲರಕ್ಕನ ಮುಂದೆ ಬಂದ ಚೀಲದೊಳಗೆ ಆ ಬಿಲ್ಲೆ ಇತ್ತು. ಚೀಲದ ಮೂಲೇಲಿ ಹೊಲಿಗೆ ಬೆರಳಗಲ ಬಾಯಿ ಬಿಟ್ಟಿತ್ತು. ಸರಿಯಾಗಿ ಅಲ್ಲೇ ನುಣ್ಣಗಿನ ತೊಗಟೆ. ಬಲಗೈ ಬೆರಳು ತೂರಿಸಿದ್ಲು. ಒಂದಿಷ್ಟು ಹೊತ್ತು ಹಾಗೇ ಇಟ್ಕೊಂಡ್ಲು.

ಆಮೇಲೆ ಬೆರಳು ತೆಗೆದು, ಆ ಜಾಗಕ್ಕೆ ಕೆಂಪು ಬಾಣ ಅಂಟಿಸಿದ್ಲು.

ನಾದಿನಿ ದಡದಡ ಎದ್ದು ಬಂದ್ಲು. "ಏನತ್ತಿಗೆ ಇದು! ಒಂದು ಬೆರಳು ಜಾಗ. ಯಾರು ನೋಡ್ತಾರೆ? ಮರಕ್ಕೆ ಗಾಳಿ ಬೇಕು ಅಂತ ನೀನೇ ಅಂದಿದ್ದೆ."

ಕಾಲರಕ್ಕನಿಗೆ ಸೊಟ್ಟ ಬಾಯನ್ನ ಒಟ್ಟುಗೂಡಿಸೋಕೆ ಸ್ವಲ್ಪ ಹೊತ್ತು ಹಿಡೀತು.

"ಹೊಲಿ," ಅಂದ್ಲು.