ಮೂರು ಇಟ್ಟಿಗೆಯ ದಂಡ

ಆ ಸದ್ದು ಇಟ್ಟಿಗೆಯದೋ, ಬಸವೇಶನ ಭುಜದ್ದೋ? ಇಟ್ಟಿಗೆಯದೇ ಇರಬೇಕು ಅಂದುಕೊಂಡ ರುದ್ರೇಶ. ನಡುವೆ ಹರಳು ಸಿಕ್ಕಿದ್ದರೆ ಭಾರ ಬಿದ್ದಾಗ ಕಟಕ್ಕೆನ್ನುತ್ತದೆ. ಆದರೆ ಇಟ್ಟಿಗೆ ಅಲುಗಿರಲಿಲ್ಲ.

"ನಲವತ್ತೊಂದು," ಎಂದು ಎಣಿಸಿದ.

ಹಾನಗಲ್ಲಿನ ಆ ಗರಡಿಯಲ್ಲಿ ದಂಡ ಹೊಡೆಯುವವನು ತಾನಾಗಿ ಏಳುವಂತಿರಲಿಲ್ಲ. ಎದುರು ಕುಳಿತು ಎಣಿಸುವವನು 'ಸಾಕು' ಅನ್ನಬೇಕು. ಹುರುಪಿನಲ್ಲಿರುವ ಪೈಲ್ವಾನನಿಗೆ ತನ್ನ ಮೈ ತಿಳಿಯುವುದಿಲ್ಲ, ನೋಡುವವನಿಗೆ ತಿಳಿಯುತ್ತದೆ ಎಂಬುದು ಕುಸ್ತಿ ಕಲಿಸುವ ವಸ್ತಾದ ದಾದಾಪೀರರ ನಂಬಿಕೆ. ಉಳಿದವರು ಎರಡೂ ಕೈಗಳಡಿ ಒಂದೊಂದು ಇಟ್ಟಿಗೆ ಇಟ್ಟುಕೊಂಡು ಎದೆಯನ್ನು ಅಂಗೈಗಿಂತ ಕೆಳಗಿಳಿಸುತ್ತಿದ್ದರು. ಬಸವೇಶ ಇವತ್ತು ಒಂದರ ಮೇಲೊಂದು ಮೂರು ಇಟ್ಟಿದ್ದ.

ಸವಣೂರಿನ ಕುಸ್ತಿಗೆ ಗರಡಿಯಿಂದ ಒಬ್ಬನೇ ಹೋಗುವುದಿತ್ತು. ಬಸವೇಶ, ಇಲ್ಲವೇ ರುದ್ರೇಶ. ಬೆಳಿಗ್ಗೆ ಬಂಕಾಪುರಕ್ಕೆ ಹೊರಡುವ ಮುನ್ನ ವಸ್ತಾದರು ಬಸವೇಶನ ಹೆಸರು ಹೇಳಿದ್ದರು. ಎಣಿಕೆಯನ್ನು ರುದ್ರೇಶನಿಗೆ ಒಪ್ಪಿಸಿ, ದನಿ ತಗ್ಗಿಸಿ ಒಂದು ಮಾತು ಅಂದಿದ್ದರು: "ಅವ ಹುಂಬ ಅದಾನ. ಭುಜ ಕಟಕ್ ಅಂದ್ರ ಅಲ್ಲಿಗೇ ಬಿಡಸು. ಮುಂದ ಹ್ವಾದ್ರ ಆ ಕೈ ಮತ್ತ ಮ್ಯಾಲ ಏಳಂಗಿಲ್ಲ."

ಬಸವೇಶ ಇಳಿದ. ಎದೆ ಕೆಂಪು ಮಣ್ಣಿಗೆ ತಾಗಿತು. ಬೆನ್ನ ಮೇಲೆ ಹೆಗಲ ಎಲುಬುಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದವು. ಏಳುವಾಗ ಬಲಗೈ ಎಡಗೈಗಿಂತ ತುಸು ತಡವಾಗಿ ನೇರವಾಯಿತು.

"ಯಾಕಣ್ಣಾ, ದನಿ ಸಣ್ಣ ಆತು? ಎಣಸಾಕೂ ದಮ್ಮಿಲ್ಲೇನು?" ಎಂದು ನಕ್ಕ.

ರುದ್ರೇಶ ದನಿ ಏರಿಸಿದ. ನಲವತ್ತೆರಡು. ನಲವತ್ತಮೂರು. ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಹಾದುಹೋಯಿತು. ಅದು ದೂರವಾದ ಮೇಲೆ ಗರಡಿಯಲ್ಲಿ ಉಸಿರು ಮಾತ್ರ ಉಳಿಯಿತು. ನಲವತ್ತನಾಲ್ಕು.

ಮತ್ತೆ ಕಟಕ್.

ಈ ಸಲ ಬಸವೇಶ ನಗಲಿಲ್ಲ. ಕೆಳಗಿದ್ದಲ್ಲಿಂದಲೇ ತಲೆಯೆತ್ತಿ ರುದ್ರೇಶನ ಬಾಯನ್ನೇ ನೋಡಿದ. ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. ಅವನು ಯಾವ ಮಾತಿಗೆ ಕಾಯುತ್ತಿದ್ದಾನೆಂದು ರುದ್ರೇಶನಿಗೆ ಗೊತ್ತಿತ್ತು.

"ನಲವತ್ತೈದು."

ನಲವತ್ತೇಳಕ್ಕೆ ಬಲಗೈ ಕುಸಿಯಿತು. ಇಟ್ಟಿಗೆಗಳು ಹಾಗೇ ನಿಂತಿದ್ದವು. ಬಸವೇಶ ಮಣ್ಣಿನಲ್ಲಿ ಮುಖವಿಟ್ಟು ಬಿದ್ದಿದ್ದ.

ಸಂಜೆ ಬಂದ ವಸ್ತಾದರು ಸದ್ದು ಕೇಳಲಿಲ್ಲವೇ ಎಂದು ವಿಚಾರಿಸಿದರು. ಇಟ್ಟಿಗೆ ಅಲುಗಿದ್ದಿರಬೇಕು ಅಂದುಕೊಂಡೆ ಎಂದ ರುದ್ರೇಶ. ಅವರು ಬಗ್ಗಿ ಆ ಇಟ್ಟಿಗೆಗಳನ್ನು ಒತ್ತಿ ನೋಡಿದರು. ಒಂದೂ ಅಲುಗಲಿಲ್ಲ. ಕೈಯ ಮಣ್ಣು ಒರೆಸಿಕೊಂಡು, ಅವನ ಮುಖ ನೋಡದೆ, "ಸವಣೂರಿಗೆ ನೀನ ಹೋಗು," ಎಂದರು.

ನಲವತ್ತೊಂದರಿಂದ ನಲವತ್ತೇಳರವರೆಗೆ ರುದ್ರೇಶ ಒಮ್ಮೆಯೂ 'ಸಾಕು' ಎನ್ನಲಿಲ್ಲ.