ಇಳಿಸಿದ ಶ್ರುತಿ

ತಂಡದ ಬೀಳ್ಕೊಡುಗೆಯ ಸಂಗೀತ ಕಚೇರಿಗೆ ಇನ್ನೂ ಒಂದು ವಾರವಿತ್ತು. ಗ್ರಿಸೆಲ್ದಾಗೆ ಅದೇ ದೂರವೆನಿಸುತ್ತಿತ್ತು. ದೊಡ್ಡ ಪಿಟೀಲಿನಂಥ ಚೆಲ್ಲೊ ವಾದ್ಯದ ಪೆಟ್ಟಿಗೆಯನ್ನು ಬೆನ್ನಿಗೆ ಹೊತ್ತು, ಮುಚ್ಚಿದ ಬೇಕರಿಯ ಹಿಂಬಾಗಿಲು ತಳ್ಳಿ ಒಳಗೆ ಬಂದವಳು ಸಿಕ್ಕಿದ ಕುರ್ಚಿಯ ಮೇಲೆ ಕುಸಿದಳು. ಬೇಕರಿ, ತಂಡದಲ್ಲಿ ಪಿಟೀಲು ನುಡಿಸುವ ಸೆಲೆಸ್ತೆಯ ಚಿಕ್ಕಮ್ಮನದು. ಒಲೆ ಆರಿ ವರ್ಷಗಳೇ ಕಳೆದಿದ್ದರೂ ಸೆಕೆ ಹೆಚ್ಚಾದ ದಿನ ಗೋಡೆಗಳಿಂದ ಹುಳಿಹಿಟ್ಟಿನ ವಾಸನೆ ಹೊಮ್ಮುತ್ತಿತ್ತು. ‘ಎರವಲು ಕೊಡೆಗಳು’ ತಂಡದ ಹಾಡುಗಳೆಲ್ಲ ಹುಟ್ಟಿದ್ದು ಇಲ್ಲಿಯೇ.

ಹಾಡು ಕಟ್ಟಿ ಹಾಡುತ್ತಿದ್ದವನು ದಾರ್ದೊ. ಹಗಲೆಲ್ಲ ಔಷಧಿ ಅಂಗಡಿಯಲ್ಲಿ ನಿಲ್ಲುವ ಅವನಿಗೆ ಒಂದು ವಾದ್ಯವೂ ಬಾರದು, ಸ್ವರಲಿಪಿ ಓದಲೂ ಬಾರದು. ಅವನು ಗುನುಗುತ್ತಿದ್ದ, ಗ್ರಿಸೆಲ್ದಾ ಅದನ್ನು ಬರೆದು ವಾದ್ಯಗಳಿಗೆ ಹಂಚುತ್ತಿದ್ದಳು. ಮೊದಲು ಇದ್ದದ್ದು ಅವರಿಬ್ಬರೇ. ಆಮೇಲೆ ಸೆಲೆಸ್ತೆ ಬಂದಳು, ಹಿತ್ತಾಳೆ ಕೊಂಬು ಊದುವ ನೊರ್ಬೆರ್ತೊ ಬಂದ, ಕೊಳಲು, ಅಕಾರ್ಡಿಯನ್, ಡೋಲು ಎಲ್ಲ ಬಂದವು. ರೊಸಾರಿಯೊ ನಗರದ ಯಾವ ಬಾರಿನ ವೇದಿಕೆಯೂ ಸಾಲದಷ್ಟು ಜನವಾದರು. ಅರ್ಧ ತಂಡ ಗಿರಾಕಿಗಳ ಮೇಜುಗಳ ನಡುವೆಯೇ ನಿಂತು ನುಡಿಸುತ್ತಿತ್ತು.

ಬ್ಯೂನಸ್ ಐರಿಸ್‌ನಿಂದ ದೊಡ್ಡ ಧ್ವನಿಮುದ್ರಣ ಕಂಪನಿಯವರು ಒಮ್ಮೆ ಬಂದಿದ್ದರು. ಹಾಡುಗಾರ ಬರಲಿ, ಉಳಿದವರು ಬೇಡ ಎಂದರು. ದಾರ್ದೊ, “ಬಟ್ಟೆ ಕಿತ್ತು ಬರೀ ಕೊಡೆಕಡ್ಡಿ ಕೊಡಲಾ?” ಎಂದು ಕೇಳಿ ಅವರಿಗೆ ಕಾಫಿ ಕುಡಿಸಿ ಕಳಿಸಿದ. ಅಂದಿನಿಂದ ಅವರ ಧ್ವನಿಮುದ್ರಿಕೆಗಳನ್ನು ಅವರೇ ಮಾಡಿಕೊಂಡರು, ಅವರೇ ಮಾರಿದರು. ಗ್ರಿಸೆಲ್ದಾ ಕೊಡೆಯ ಆ ಮಾತನ್ನು ಮರೆತಿರಲಿಲ್ಲ.

ಕಾಲ ಯಾರನ್ನು ಕೇಳುತ್ತದೆ? ಕೊಳಲಿನವಳು ಅವಳಿ ಮಕ್ಕಳನ್ನು ಹೆತ್ತಳು. ಅಕಾರ್ಡಿಯನ್‌ನವನು ಸ್ಪೇನಿಗೆ ಹೋದ. ನೊರ್ಬೆರ್ತೊಗೆ ಮೆಂದೋಸಾದ ಸರ್ಕಾರಿ ವಾದ್ಯವೃಂದದಲ್ಲಿ ಕೆಲಸ ಸಿಕ್ಕಿತು. ಒಬ್ಬೊಬ್ಬರು ಹೋದಾಗಲೂ ಗ್ರಿಸೆಲ್ದಾ ಹಾಡುಗಳನ್ನೆಲ್ಲ ಮತ್ತೆ ಬರೆಯುತ್ತಿದ್ದಳು. ಹೋದವರ ಪಾಲನ್ನು ಉಳಿದವರ ಹೆಗಲಿಗೆ ಹಂಚುವುದೇ ಅವಳ ಸಂಗೀತವಾಗಿ ಹೋಯಿತು.

ಅದರ ಮೇಲೆ ಇನ್ನೊಂದು ಕೆಲಸ. ನೊರ್ಬೆರ್ತೊ ಹೋದ ಮೇಲೆ ಒಂದು ಚಳಿಗಾಲ ದಾರ್ದೊನ ಎದೆಯಲ್ಲಿ ಕಫ ಕಟ್ಟಿ, ವಾಸಿಯಾದ ಮೇಲೆ ಅವನ ಧ್ವನಿ ಮೇಲಕ್ಕೆ ಹತ್ತದಾಯಿತು. ‘ಆಚೆ ದಡ’ ಎಂಬ ಹಾಡಿಲ್ಲದೆ ಜನ ಅವರನ್ನು ಮನೆಗೆ ಬಿಡುತ್ತಿರಲಿಲ್ಲ. ಅದರ ಕೊನೆಯ ಸಾಲು ಇರುವುದು ಮೇಲಿನ ಸ್ವರಗಳ ತುತ್ತತುದಿಯಲ್ಲಿ. ಗ್ರಿಸೆಲ್ದಾ ಬಾಯಿಬಿಟ್ಟು ಏನೂ ಹೇಳದೆ ಆ ಹಾಡಿನ ಶ್ರುತಿಯನ್ನು ತುಸು ಇಳಿಸಿ ಬರೆದುಕೊಟ್ಟಳು. ಉಳಿದವರು ಹಾಳೆ ನೋಡಿದರು, ಅವಳ ಮುಖ ನೋಡಿದರು, ಸುಮ್ಮನೆ ನುಡಿಸಿದರು. ಮರುವರ್ಷ ಇನ್ನೂ ತುಸು. ಹಾಗೆ ಇಳಿಸುತ್ತ ಬಂದಂತೆ ಬೆರಳೊತ್ತದೆಯೇ ನುಡಿಯುವ ಚೆಲ್ಲೊದ ಬಿಡಿತಂತಿಗಳು ಆ ಹಾಡಿಗೆ ಒದಗದೆ ಹೋದವು. ಪ್ರತಿ ಸ್ವರವನ್ನೂ ಬೆರಳಿನಿಂದ ಒತ್ತಿ ಹಿಡಿಯಬೇಕಾಗಿ ಅವಳ ಎಡಭುಜ ಸೋತಿತು. ಈ ವರ್ಷ “ನನ್ನ ಕೈಲಾಗಲ್ಲ, ಮುಗಿಸೋಣ” ಎಂದಾಗ ಭುಜದ ನೋವನ್ನಷ್ಟೇ ಹೇಳಿದಳು. ದಾರ್ದೊ, “ನೀನಿಲ್ಲದೆ ನಾನೇನು ನಡೆಸಲಿ?” ಎಂದಿದ್ದ.

ಕಚೇರಿಗೆ ವಾರವಿದ್ದ ಆ ದಿನ, ತಾಲೀಮಿಗೆಂದು ಮೆಂದೋಸಾದಿಂದ ನೊರ್ಬೆರ್ತೊ ಬಂದಿಳಿದಿದ್ದ. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ಎಲ್ಲರನ್ನೂ ತಬ್ಬಿ, ‘ಆಚೆ ದಡ’ಕ್ಕೆ ನನಗೆ ಹಾಳೆ ಬೇಡ ಎಂದು ಕೊಂಬು ಎತ್ತಿದ. ಹಾಡು ಶುರುವಾಗುವುದೇ ಒಂಟಿ ಕೊಂಬಿನಿಂದ. ಅವನು ಊದಿದ. ತಂತಿವಾದ್ಯಗಳು ಸೇರಿದ ಗಳಿಗೆಗೆ ಕಿವಿ ಮುಚ್ಚಿಕೊಳ್ಳುವಂತಾಯಿತು.

ದಾರ್ದೊ ನಕ್ಕ. “ಏನೋ ನೊರ್ಬೆ, ಮೆಂದೋಸಾ ವೈನು ಇನ್ನೂ ಇಳಿದಿಲ್ವಾ?”

“ನಾನು ಸರಿಯಾಗೇ ಇದೀನಿ ಕಣೋ. ನೀವೇ ಎಲ್ಲೋ ಕೆಳಗಿದೀರ. ಇದರ ಶ್ರುತಿ ಇದೇ ಅಲ್ವೇನೇ, ಗ್ರಿಸೆಲ್ದಾ?”

ಸೆಲೆಸ್ತೆ ತಲೆ ತಗ್ಗಿಸಿ ಕಮಾನು ಒರೆಸತೊಡಗಿದಳು. ದಾರ್ದೊ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದ. ಅವನ ನಗು ತಾನಾಗಿ ಇಳಿಯಿತು.

“ಯಾವಾಗಿಂದ?”

“ನಿನಗೆ ಎದೆ ಕಟ್ಟಿತ್ತಲ್ಲ, ಆ ಚಳಿಗಾಲದಿಂದ,” ಎಂದಳು ಗ್ರಿಸೆಲ್ದಾ.

“ಹಾಗಾದ್ರೆ ಎಲ್ಲರಿಗೂ ಗೊತ್ತಿತ್ತು,” ಎಂದ ದಾರ್ದೊ.

“ಹೂಂ.”

“ಹೇಳಿದ್ರೆ ನೀನು ಹಾಡೋದೇ ಬಿಡ್ತಿದ್ದೆ,” ಎಂದಳು ಸೆಲೆಸ್ತೆ.

“ಬಿಡ್ತಿದ್ನೋ ಇಲ್ವೋ, ಅದು ನನಗೆ ಬಿಟ್ಟಿದ್ದಲ್ವಾ? ಕುಂಟುಕತ್ತೇನ ಹೊತ್ಕೊಂಡು ಊರೂರು ತಿರುಗಿದ್ದೀರಲ್ರೇ.”

“ಹೊತ್ತಿದ್ದೂ ನಿಜ, ಸುಸ್ತಾಗಿದ್ದೂ ನಿಜ,” ಎಂದಳು ಗ್ರಿಸೆಲ್ದಾ. ಆ ಮಾತು ಅಷ್ಟು ಸಲೀಸಾಗಿ ಹೊರಬಿದ್ದದ್ದು ಅವಳಿಗೇ ಆಶ್ಚರ್ಯ.

ದಾರ್ದೊ ಓಣಿಗೆ ಹೋಗಿ ನಿಂತ. ಯಾರೂ ಹಿಂದೆ ಹೋಗಲಿಲ್ಲ. ನೊರ್ಬೆರ್ತೊ ಒಬ್ಬನೇ, “ನನ್ನ ಬಾಯಿಗೆ ಬೆಂಕಿ ಬೀಳ,” ಎಂದು ಗೊಣಗಿಕೊಂಡ. ಸ್ವಲ್ಪ ಹೊತ್ತಿಗೆ ದಾರ್ದೊ ಒಳಗೆ ಬಂದು, “ಹಳೇ ಶ್ರುತೀಲೇ ನುಡಿಸಿ. ಒಂದು ಸಲ,” ಎಂದ.

ನುಡಿಸಿದರು. ಎಷ್ಟೋ ವರ್ಷಗಳ ಮೇಲೆ ಗ್ರಿಸೆಲ್ದಾಳ ಕಮಾನು ಆ ಹಾಡಿನಲ್ಲಿ ಬಿಡಿತಂತಿಗೆ ತಾಗಿತು. ಚೆಲ್ಲೊದ ಮರವೆಲ್ಲ ನಡುಗಿ ಅವಳ ಎದೆಮೂಳೆಯನ್ನು ಮುಟ್ಟಿತು. ಕೈಗೆ ನೋವಿಲ್ಲ. ಇವನ ಮುಂದೆ ತನಗೆ ಇಷ್ಟು ಸುಖವಾಗುತ್ತಿದೆಯಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಕೊನೆಯ ಸಾಲಿಗೆ ದಾರ್ದೊ ಕತ್ತೆತ್ತಿದ, ನರ ಉಬ್ಬಿತು, ಬರೀ ಗಾಳಿ ಬಂತು. ಯಾರೂ ನಿಲ್ಲಿಸಲಿಲ್ಲ. ಧ್ವನಿಯಿಲ್ಲದೆಯೇ ಹಾಡು ಮುಗಿಯಿತು.

ದಾರ್ದೊ ‘ಮಾತೆ’ ಎಂಬ ಕಹಿಚಹಾದ ಬುರುಡೆಗೆ ಬಿಸಿನೀರು ಹುಯ್ದು, ಮೊದಲ ಗುಟುಕು ತಾನೇ ಹೀರಿ, ಮತ್ತೆ ತುಂಬಿ ಗ್ರಿಸೆಲ್ದಾಳ ಕಡೆ ಚಾಚಿದ. “ಭಾನುವಾರದ ಕಚೇರೀಲಿ ಕೆಳಗಿನ ಶ್ರುತೀನೇ ಇರಲಿ. ಆದ್ರೆ ಯಾರು ಇಳಿಸಿದ್ದು, ಯಾಕೆ ಇಳಿಸಿದ್ದು ಅಂತ ಜನರಿಗೆ ನಾನೇ ಹೇಳ್ತೀನಿ.”

ಭಾನುವಾರ ಮಧ್ಯಾಹ್ನ ರೈಲ್ವೆ ನೌಕರರ ಕ್ಲಬ್ಬು ತುಂಬಿತ್ತು. ಹಳಬರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ‘ಆಚೆ ದಡ’ದ ಸರದಿ ಬಂದಾಗ ದಾರ್ದೊ ಮೈಕಿನ ಹತ್ತಿರ ಬಂದು ಬಾಯಿ ತೆರೆದ, ಜನರನ್ನು ನೋಡಿದ, ನೊರ್ಬೆರ್ತೊಗೆ ಶುರುಮಾಡು ಎಂದು ಕಣ್ಸನ್ನೆ ಮಾಡಿದ. ನೊರ್ಬೆರ್ತೊ ಇಳಿಸಿದ ಶ್ರುತಿಯಲ್ಲೇ ಊದಿದ. ಹಾಡು ಚೆನ್ನಾಗಿಯೇ ಬಂತು. ಜನ ಅತ್ತರು, ಚಪ್ಪಾಳೆ ನಿಲ್ಲಲಿಲ್ಲ. ದಣಿವಿಗೆ ಗ್ರಿಸೆಲ್ದಾಗೆ ಯಾವಾಗ ಕುಳಿತುಕೊಳ್ಳುವೆನೋ ಎನಿಸಿತು. ಆದರೆ ಚೆಲ್ಲೊ ಹಿಡಿದು ಅವಳು ಕೂತೇ ಇದ್ದಳು.

ಬಾಗಿಲಲ್ಲಿ ದಾರ್ದೊ ಅವಳ ಪೆಟ್ಟಿಗೆಯನ್ನು ಟ್ಯಾಕ್ಸಿಗೆ ಇಟ್ಟುಕೊಟ್ಟ. “ಹೇಳೋಕಾಗಲಿಲ್ಲ ಕಣೇ. ನಾಚಿಕೆ ಆಯ್ತು.”

“ಬಿಡು. ಚೆನ್ನಾಗಿ ಹಾಡಿದೆ.”

“ಸುಳ್ಳಿ,” ಎಂದು ಅವನು ಅವಳ ಕೆನ್ನೆಗೆ ಮುತ್ತಿಟ್ಟ.

ಟ್ಯಾಕ್ಸಿ ನದಿಯ ರಸ್ತೆಗೆ ಹೊರಳಿತು. ಈಗ ಅಳು ಬರುತ್ತದೆಂದು ಅವಳು ಕಾದಳು. ಬಂದದ್ದು ಹಸಿವು. ಮೂಲೆಯ ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಹೇಳಿ, ಬಿಸಿ ಎಂಪನಾದಾ ಕಡುಬು ಕಟ್ಟಿಸಿಕೊಂಡು, ಹಿಂದಿನ ಸೀಟಿನಲ್ಲಿ ಚೆಲ್ಲೊಗೆ ಒರಗಿ ತಿನ್ನತೊಡಗಿದಳು.