ಹೊಟ್ಟೆಗೆ ಹೊಲಿದ ಕೈ

ಕಂಬದಣ್ಣನ ಬಲಗೈಯನ್ನು ಅವನ ಹೊಟ್ಟೆಗೇ ಹೊಲಿದಿದ್ದಾರೆ ಎಂದರೆ ಬೀದಿಯಲ್ಲಿ ಯಾರೂ ನಂಬಲಿಲ್ಲ. "ನಂಬದಿದ್ರೆ ಬಿಡಿ, ಆಸ್ಪತ್ರೆಗೆ ಹೋಗಿ ನೋಡ್ಕೊಂಡು ಬನ್ನಿ" ಎಂದು ಅವನ ಹೆಂಡತಿ ಟೈಲರಮ್ಮ ಮಷೀನಿನಿಂದ ತಲೆ ಎತ್ತದೆ ಹೇಳುತ್ತಿದ್ದಳು. ನೋಡಿ ಬಂದವರಿಗೆ ವಾರಪೂರ್ತಿ ಅದೇ ಮಾತು.

ಅವನು ಲೈನ್‌ಮನ್. ಅವತ್ತೂ ಲೈನ್ ಆಫ್ ಮಾಡಿಸಿಯೇ ಕಂಬ ಹತ್ತಿದ್ದ. ಆದರೆ ಯಾವನೋ ಪುಣ್ಯಾತ್ಮ ತನ್ನ ಮನೆಯ ಜನರೇಟರನ್ನು ನೇರವಾಗಿ ಲೈನಿಗೇ ಸೇರಿಸಿಕೊಂಡಿದ್ದ. ಸತ್ತ ತಂತಿಗೆ ಹಿಂಬಾಗಿಲಿನಿಂದ ಜೀವ ಬಂತು. ಅಂಗೈಯಲ್ಲಿ ಕಂಡದ್ದು ಅಂಗಿಯ ಗುಂಡಿಯಷ್ಟಗಲದ ಕರಿ ಗಾಯ. "ಇಷ್ಟೇನಾ!" ಎಂದು ಟೈಲರಮ್ಮ ನಿಟ್ಟುಸಿರು ಬಿಟ್ಟಿದ್ದಳು. ಕರೆಂಟು ಒಳಗೊಳಗೇ ಸುಡುವ ಕಳ್ಳ ಎಂದು ಅವಳಿಗೇನು ಗೊತ್ತು? ಡಾಕ್ಟರು ಮೊದಲು ಬಾವಿನ ಬಿಗಿ ಇಳಿಯಲೆಂದು ಮುಂಗೈಯನ್ನು ಉದ್ದಕ್ಕೆ ಸೀಳಿದರು. ಆಮೇಲೆ ಸತ್ತ ಮಾಂಸವನ್ನು ಮತ್ತೆ ಮತ್ತೆ ತೆಗೆದರು. ಕಿರುಬೆರಳೂ ಉಂಗುರದ ಬೆರಳೂ ಹೋದವು. ಉಳಿದ ಬೆರಳುಗಳನ್ನು ಮಡಿಸುವ ನರಗಳು ಅಂಗೈಯಲ್ಲಿ ಬೆತ್ತಲೆ ನಿಂತವು.

"ಇದರ ಮೇಲೆ ತೆಳು ಚರ್ಮ ನಿಲ್ಲಲ್ಲಮ್ಮ" ಎಂದರು ದೊಡ್ಡ ಡಾಕ್ಟರು. "ಹೊಟ್ಟೆಯ ದಪ್ಪ ಚರ್ಮವನ್ನ ಅರ್ಧ ಬಿಡಿಸಿ ಕೈಗೆ ಹೊಲೀತೀವಿ. ಕೈ ಕಡೆಯಿಂದ ರಕ್ತ ಓಡೋಕೆ ಶುರುವಾದ್ಮೇಲೆ ಹೊಟ್ಟೆ ಕಡೆ ಕತ್ತರಿಸ್ತೀವಿ. ಹಿಡೀಲಿಲ್ಲ ಅಂದ್ರೆ ಮಾತ್ರ ಮಣಿಕಟ್ಟಿನವರೆಗೆ ಕೈ ಹೋಗುತ್ತೆ."

"ತೇಪೆ" ಎಂದಳು ಟೈಲರಮ್ಮ. ಅಷ್ಟು ಅರ್ಥವಾಯಿತು. ಉಳಿದದ್ದಕ್ಕೆ ಕಾರಿಡಾರಿನ ಮೂಲೆಯಲ್ಲಿ ನಿಂತು ಅತ್ತಳು. ಮೂಗು ಒರೆಸಿಕೊಂಡು ಒಳಗೆ ಬಂದು ಗಂಡನಿಗೆ ಬೈದಳು.

ಕಂಬದಣ್ಣ ಜೇಬುಗಳ್ಳರಿಗೆ ಹೆದರಿದವನಂತೆ ಸೊಂಟದ ಬಳಿ ಕೈಯಿಟ್ಟುಕೊಂಡೇ ವಾರ್ಡೆಲ್ಲ ಓಡಾಡಿದ. "ಸಿಸ್ಟರ್ ಅಂಗೈ ಒರೆಸಿದ್ರೆ ಹೊಟ್ಟೆಗೆ ಕಚಗುಳಿ ಆಗುತ್ತೆ ಕಣೇ!" ಎಂದು ನಗುವವನು. ಅದು ಹೊಟ್ಟೆಯ ಚರ್ಮ, ಮೈ ಬಂದರೆ ಅಂಗೈಯೂ ಊದುತ್ತದೆ, ಹಿತಮಿತವಾಗಿ ತಿನ್ನು ಎಂದು ಡಾಕ್ಟರು ಎಚ್ಚರಿಸಿದಾಗ ಅವನಿಗೆ ಇನ್ನಷ್ಟು ಖುಷಿ. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರೆ. ನಂದು ಉಲ್ಟಾ. ಬಾಯಿಗೆ ಹೋದ ತುತ್ತು ಕೈಗೆ ಬರುತ್ತೆ!"

ಕೈ ಹೊಟ್ಟೆಗಂಟಿದವನಿಗೆ ಯಾವ ಅಂಗಿ ಹಿಡಿಸೀತು? ಟೈಲರಮ್ಮ ಒಂದು ಪಕ್ಕ ಪೂರ್ತಿ ಬಿಚ್ಚಿ, ಲಾಡಿ ಕಟ್ಟುವ ಅಂಗಿ ಹೊಲಿದಳು. ತೇಪೆ ಹಿಡಿದಿದೆಯೇ ಎಂದು ನೋಡುವ ಪರೀಕ್ಷೆಯ ದಿನಕ್ಕೆಂದೇ ಇನ್ನೊಂದು ಹೊಸದನ್ನು ಬೆಳಗ್ಗೆ ಅವಸರದಲ್ಲಿ ಮುಗಿಸಿ, ಒಗೆಯದೇ ತಂದು ತೊಡಿಸಿದಳು. ಅವಸರವೇ ಅಪಘಾತಕ್ಕೆ ಕಾರಣ ಎಂದು ಬಸ್ಸಿನ ಹಿಂದೆ ಬರೆದದ್ದನ್ನು ಅವಳೂ ಓದಿದ್ದಳು, ಪಾಲಿಸಿರಲಿಲ್ಲ.

ಪರೀಕ್ಷೆ ಇಷ್ಟೇ. ಹೊಟ್ಟೆಗೂ ಕೈಗೂ ನಡುವಿನ ಚರ್ಮಕ್ಕೆ ಮೆತ್ತನೆಯ ಕ್ಲಿಪ್ಪು ಹಾಕಿ ಹೊಟ್ಟೆಯ ರಕ್ತ ನಿಲ್ಲಿಸುವುದು. ಇನ್ನು ತೇಪೆ ಕೈಯ ರಕ್ತದಲ್ಲೇ ಬದುಕಬೇಕು. ಕೆಂಪಗೆ ಉಳಿದರೆ ಕೈ ಉಳಿಯಿತು. ನೀಲಿಗಟ್ಟಿದರೆ ಇಲ್ಲ. ಬೆಚ್ಚಗಿರಲೆಂದು ಸಿಸ್ಟರ್ ಆ ಹೊಸ ಅಂಗಿಯನ್ನೇ ತೇಪೆಯ ಮೇಲೆ ಮುಚ್ಚಿದರು.

ಅರ್ಧ ಗಂಟೆಯ ಮೇಲೆ ಅಂಗಿ ಸರಿಸಿದರೆ ತೇಪೆಯ ಅಂಚಿನಲ್ಲಿ ನೀಲಿ.

ಡಾಕ್ಟರ ಹುಬ್ಬು ಗಂಟಾಯಿತು. "ಕ್ಲಿಪ್ ತೆಗೀರಿ ಸಿಸ್ಟರ್" ಎಂದರು ಮೆಲ್ಲಗೆ. ಕಂಬದಣ್ಣ ಹೆಂಡತಿಯ ಮುಖ ನೋಡಿದ. ಟೈಲರಮ್ಮ ಗಂಡನ ಮುಖ ನೋಡಲಾರದೆ ಆ ನೀಲಿಯನ್ನೇ ನೋಡಿದಳು. ಅದು ಗಾಯದ ಮುಲಾಮಿನಲ್ಲಿ ಕಲೆಸಿಹೋಗಿತ್ತು. ಆದರೆ ಒಂದು ಅಂಚು ಮಾತ್ರ ಅಡಿಪಟ್ಟಿ ಇಟ್ಟು ಎಳೆದ ಹಾಗೆ ನೆಟ್ಟಗಿತ್ತು.

"ನಿಲ್ಲಿ ಡಾಕ್ಟ್ರೇ!" ಅವಳ ಕೂಗಿಗೆ ಪಕ್ಕದ ಮಂಚದವನು ಎದ್ದು ಕೂತ. "ಇಷ್ಟು ನೇರವಾಗಿ ಯಾವ ರೋಗವೂ ಬರಲ್ಲ. ಅದು ನನ್ನ ಗೆರೆ!"

ಅಂಗಿಯ ಒಳಮೈ ತಿರುಗಿಸಿ ತೋರಿಸಿದಳು. ಕತ್ತರಿಸುವ ಮೊದಲು ಗುರುತಿಗೆ ಹಾಕಿದ ನೀಲಿ ಸೀಮೆಸುಣ್ಣ, ಅರ್ಧ ಅಲ್ಲೇ ಇತ್ತು, ಅರ್ಧ ಗಂಡನಿಗೆ ಮೆತ್ತಿತ್ತು. ಸಿಸ್ಟರ್ ಹತ್ತಿಯಿಂದ ಒರೆಸಿದರು. ಹತ್ತಿ ನೀಲಿಯಾಯಿತು, ಅಡಿಯಲ್ಲಿ ಚರ್ಮ ಕೆಂಪಗೆ ನಗುತ್ತಿತ್ತು. ಡಾಕ್ಟರು ಬೆರಳಿನಿಂದ ಒತ್ತಿದರು, ಬಿಳಿಚಿತು; ಬಿಟ್ಟರು, ಮತ್ತೆ ಕೆಂಪು ತುಂಬಿತು.

"ಅಮ್ಮಾ ತಾಯಿ" ಎಂದು ಡಾಕ್ಟರು ಬೆವರು ಒರೆಸಿಕೊಂಡರು. "ಗಂಡನ ಕೈ ಉಳೀತು. ನನ್ನ ಜೀವ ಹೋಗಿತ್ತು."

ಅವಳು ನಾಚಿಕೆಯಿಂದ ಅಂಗಿಯಲ್ಲೇ ಮುಖ ಮುಚ್ಚಿಕೊಂಡಳು. ಎತ್ತಿದಾಗ ಮೂಗೂ ನೀಲಿ. ಇಡೀ ವಾರ್ಡು ನಕ್ಕಿತು.

ಹೊಟ್ಟೆಯಿಂದ ಕೈ ಬಿಡುಗಡೆಯಾಗಿ ಮನೆಗೆ ಬಂದರೂ ಅದು ಮಾತು ಕೇಳಲಿಲ್ಲ. ತಿಂಗಳುಗಟ್ಟಲೆ ವ್ಯಾಯಾಮ ಮಾಡಿದ. ಲೋಟ ಬೀಳುತ್ತಿತ್ತು, ಬೀಗದ ಕೈ ಜಾರುತ್ತಿತ್ತು. ನಗುವುದೂ ಕಡಿಮೆಯಾಯಿತು, ಅದೇ ಟೈಲರಮ್ಮನಿಗೆ ಭಯ. ಒಂದು ಸಂಜೆ ಅವಳು ತನಗೇ ರವಿಕೆ ಹೊಲಿದುಕೊಳ್ಳಲು ಮೇಜಿನ ಮೇಲೆ ಬಟ್ಟೆ ಹಾಸಿದ್ದಳು. ಅವನು ಸುಮ್ಮನೆ ಪಕ್ಕಕ್ಕೆ ಬಂದು ನಿಂತ. ಹೆಬ್ಬೆರಳು, ಎರಡು ಬೆರಳು ಸೇರಿಸಿ ಸೀಮೆಸುಣ್ಣ ಹಿಡಿದ. ಬೀಳಲಿಲ್ಲ. ಉಸಿರು ಬಿಗಿಹಿಡಿದು ಬಟ್ಟೆಯ ಈ ತುದಿಯಿಂದ ಆ ತುದಿಗೆ ಗೆರೆ ಎಳೆದ. ಹಾವು ಹರಿದ ಹಾಗಿತ್ತು.

"ಸೊಟ್ಟ ಆಯ್ತು ಕಣೇ. ಒರೆಸ್ತೀನಿ ತಡಿ."

"ಒರೆಸಿದ್ರೆ ನೋಡಿ ಮತ್ತೆ!" ಎಂದಳು ಟೈಲರಮ್ಮ. ಸೊಟ್ಟ ಗೆರೆ ಕಂಡರೆ ಉರಿದುಬೀಳುತ್ತಿದ್ದವಳು ಕತ್ತರಿ ತೆಗೆದುಕೊಂಡು, ಒಂದು ಡೊಂಕೂ ತಪ್ಪಿಸದೆ, ಆ ಗೆರೆಯ ಮೇಲೇ ಕತ್ತರಿಸಿದಳು.